ಇದಿಲ್ಲದೆ ಹೆರಿಗೆ ಆಗೋದಿಲ್ವೆ?

ಎದುರು ಮನೆಯವಳ ಮೊದಲ ಮಗು ಹೋದದ್ದು ರೈಲ್ವೆ ಗೇಟಿನಲ್ಲಿ. ಜಟಕಾದೊಳಗೆ ಅವಳು, ಅವಳ ತಲೆ ನನ್ನ ತೊಡೆಯ ಮೇಲೆ. ಮುಂದೆ ಹಾಕಿದ ಗೇಟು, ಅದರಾಚೆ ಅಲುಗದೆ ನಿಂತ ಗೂಡ್ಸು ಗಾಡಿ. ಪೇಟೆಯ ಆಸ್ಪತ್ರೆ ಅಲ್ಲಿಂದ ಇನ್ನೂ ಬಹಳ ದೂರ. ಜಟಕಾದವನು ಇಳಿದುಹೋಗಿ ಗೇಟಿನವನ ಕೈಕಾಲು ಹಿಡಿದ. ಗೇಟಿನವನು ಪಾಪ ಏನು ಮಾಡಿಯಾನು, ರೈಲು ಅವನ ಮಾತು ಕೇಳುತ್ತದೆಯೆ? ಮಗು ಅಲ್ಲೇ ಹುಟ್ಟಿತು. ಅಳಲಿಲ್ಲ. ತಾಯಿ ಉಳಿದಳು. ಅದೊಂದು ದಯೆ ಎಂದು ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಹೇಳಿಕೊಂಡೆ. ಬಾಯಿ ಹೇಳಿತು, ಮನಸ್ಸು ಒಪ್ಪಲಿಲ್ಲ.

ಮರುವರ್ಷ ಸರ್ಕಾರ ನಮ್ಮ ಕಡೆಗೆ ಒಂದು ಹೆರಿಗೆ ಮನೆ ಮಂಜೂರು ಮಾಡಿತು. ರಾಜಾಜಿನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಕಾರ್ಖಾನೆಯ ಸೈರನ್ನಿಗೆ ಏಳುವವರದು ಒಂದು ಸಾಲು ಮನೆ, ಕೋಳಿ ಕೂಗಿಗೆ ಏಳುವವರದು ಇನ್ನೊಂದು ಸಾಲು. ಕುರುಬರಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಖಾಲಿ ನಿವೇಶನ ಗೊತ್ತಾಯಿತು. ಕಟ್ಟಡದ ಉಸ್ತುವಾರಿಗೆ ಊರವರ ಸಮಿತಿ ಇರಬೇಕು, ಅದರಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂದು ಕಟ್ಟಳೆಯಂತೆ. ಸಮಿತಿಯ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಬಡಾವಣೆಗೆ ಬಿಟ್ಟುಕೊಟ್ಟ ಹೊಲಗಳಲ್ಲಿ ಬಹುಪಾಲು ಅವರ ಮನೆತನದ್ದೇ. ದೊಡ್ಡ ಕೈ, ದೊಡ್ಡ ದನಿ.

"ನನ್ನ ಹೆಸರು ಯಾಕೆ ಸ್ವಾಮಿ? ನನಗೆ ಅಡಿಗೆಮನೆ, ದೇವರಮನೆ ಬಿಟ್ರೆ ಇನ್ನೇನು ಗೊತ್ತು?" ಎಂದೆ.

"ಏನೂ ಗೊತ್ತಿರಬೇಕಾಗಿಲ್ಲ ತಾಯಿ. ಕಾಗದಕ್ಕೆ ಒಂದು ಹೆಣ್ಣು ಸಹಿ ಬೇಕು. ನಿಮಗೆ ಬರೆಯೋಕೆ ಬರುತ್ತೆ. ಅಷ್ಟೇಯ."

"ಹಾಕಿಸ್ಕೊಳ್ಳಿ ಸ್ವಾಮಿ," ಎಂದರು ನಮ್ಮ ಯಜಮಾನರು ಪತ್ರಿಕೆಯ ಹಿಂದಿನಿಂದ. "ನಾನು ಹೇಳಿದ್ದಕ್ಕಂತೂ ಇವಳು ಒಂದು ದಿನಾನೂ ಸಹಿ ಹಾಕಿದೋಳಲ್ಲ."

ನಾನು ಕೂತಿದ್ದ ಕಡೆಯಿಂದ ಎದುರು ಮನೆಯ ಜಗಲಿ ಕಾಣುತ್ತಿತ್ತು. ಅವಳು ಹಗ್ಗದ ಮೇಲೆ ಸೀರೆ ಹರವುತ್ತಿದ್ದಳು. ಆ ಗೇಟಿನ ದಿನದ ಮೇಲೆ ಅವಳು ನಗುವುದನ್ನು ನಾನು ಕಂಡಿರಲಿಲ್ಲ. ಸಹಿ ಹಾಕಿದೆ.

ಮೊದಲ ಸಭೆ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಸೇರಿತು. ಅಧ್ಯಕ್ಷರು, ಒಬ್ಬ ಮರದ ವ್ಯಾಪಾರಿ, ಒಬ್ಬರು ನಿವೃತ್ತ ಮೇಷ್ಟ್ರು, ಕಂಬದ ಪಕ್ಕ ಚಾಪೆಯ ಮೇಲೆ ನಾನು. ಸರ್ಕಾರದ ಕಡೆಯಿಂದ ಖರ್ಚು ನೋಡಿಕೊಳ್ಳಲು ಒಬ್ಬ ಆಫೀಸರು ಬಂದಿದ್ದರು. ತೆಳ್ಳಗೆ, ಮಾಸಿದ ಕೋಟು, ಕೋಟಿನ ಜೇಬಿನಲ್ಲಿ ಅಳತೆಯ ಟೇಪು. ನಶ್ಯದ ಡಬ್ಬಿಯೊಂದನ್ನು ತೆಗೆದಾಗ ನನಗೆ ಕಸಿವಿಸಿಯಾಯಿತು. ಅದರಲ್ಲಿ ಇದ್ದದ್ದು ಲವಂಗ. ಒಂದನ್ನು ಬಾಯಿಗೆ ಹಾಕಿಕೊಂಡು ಅಂದಾಜು ಪಟ್ಟಿ ಬಿಡಿಸಿದರು.

"ಎಲ್ಲಾ ಇಲಾಖೆಗೂ ಮಿತವ್ಯಯದ ಸುತ್ತೋಲೆ ಬಂದಿದೆ. ಈ ಪಟ್ಟೀನ ಒಂದೊಂದಾಗಿ ಓದ್ತೀನಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

ಓದಿದರು. ಮುಂದುಗಡೆ ಕಂಬಗಳ ಪೋರ್ಟಿಕೊ.

"ಇದಿಲ್ಲದೆ ಹೆರಿಗೆ ಆಗೋದಿಲ್ವೆ?"

ಅಧ್ಯಕ್ಷರು ಕೆಮ್ಮಿದರು. "ಆಗದೆ ಏನು ಸಾರ್... ಆದ್ರೆ ಒಂದು ಲಕ್ಷಣ ಬೇಡ್ವೆ? ನಮ್ಮ ತಂದೆಯೋರ ಹೆಸರಿನ ಕಲ್ಲು ಹಾಕಿಸೋಣ ಅಂತಿದ್ದೆ, ಅದಕ್ಕಾದ್ರೂ ಒಂದು ಜಾಗ..."

ಪೋರ್ಟಿಕೊದ ಮೇಲೆ ಗೆರೆ ಬಿತ್ತು. ಸಾಗುವಾನಿ ಬಾಗಿಲು. ಇದಿಲ್ಲದೆ ಹೆರಿಗೆ ಆಗೋದಿಲ್ವೆ? ಮರದ ವ್ಯಾಪಾರಿ ಮುಖ ಹಿಂಡಿದ. ಬಾಗಿಲು ಮತ್ತಿಮರಕ್ಕೆ ಇಳಿಯಿತು. ತಾರಸಿಯ ಕೈಪಿಡಿ ಗೋಡೆಗೆ ಗಾರೆಯ ಹೂಬಳ್ಳಿ, ಗೆರೆ. ಶಂಕುಸ್ಥಾಪನೆಗೆ ಚಪ್ಪರ, ಬ್ಯಾಂಡು, ಗೆರೆ. ಕೂಗಾಡಲಿಲ್ಲ, ಯಾರನ್ನೂ ಹಂಗಿಸಲಿಲ್ಲ. ಸೊಪ್ಪು ಸೋಸುವ ಹಾಗೆ, ಇರಬೇಕಾದದ್ದು ಈ ಕಡೆ, ಬೇಡದ್ದು ಆ ಕಡೆ. ನನಗೆ ಒಳಗೊಳಗೇ ಇಷ್ಟವಾಯಿತು.

ಆಮೇಲೆ ಓದಿದರು: "ಹಿತ್ತಲಲ್ಲಿ ಬಚ್ಚಲು ಮನೆ, ಹಂಡೆ ಒಲೆ. ಪ್ರತ್ಯೇಕ ಕಟ್ಟಡ." ಪ್ರಶ್ನೆ ಕೇಳುವುದಕ್ಕೂ ಕಾಯದೆ ಗೆರೆ ಎಳೆಯಲು ಹೋದರು.

"ಅದಿಲ್ಲದೆ ಆಗೋಲ್ಲ," ಎಂದುಬಿಟ್ಟೆ.

ಎಲ್ಲರೂ ಕಂಬದ ಕಡೆ ತಿರುಗಿದರು. ಆಫೀಸರು ಪೆನ್ನು ಕೆಳಗಿಟ್ಟರು. "ಯಾಕಮ್ಮ?"

"ಬಿಸಿನೀರು ಬೇಕು ಸ್ವಾಮಿ. ಒಂದು ಚೆಂಬಲ್ಲ, ಹಂಡೆ ತುಂಬ. ಸೂಲಗಿತ್ತಿ ಕೈ ತೊಳಿಯೋಕೆ, ಬಟ್ಟೆ ಕುದಿಸೋಕೆ, ಮಗೂಗೆ ನೀರು ಹಾಕೋಕೆ, ಬಾಣಂತಿಗೆ ಎರೆಯೋಕೆ. ಹೊತ್ತಿಲ್ಲ ಗೊತ್ತಿಲ್ಲ ಅದಕ್ಕೆ. ಒಲೆ ಆರಲೇ ಕೂಡದು. ನಿಮ್ಮ ಮನೇಲಿ ಕೇಳಿ ನೋಡಿ ಬೇಕಾದ್ರೆ."

ಮೇಷ್ಟ್ರು ನಕ್ಕರು. ಆಫೀಸರು ನಗಲಿಲ್ಲ, ಯೋಚಿಸಿದರು. "ನನಗೆ ಹೊಳೀಲಿಲ್ಲ ನೋಡಿ. ಸರಿ, ಇರಲಿ. ಆದ್ರೆ ಅಷ್ಟು ಹಿಂದಕ್ಕೆ ಯಾಕೆ? ಬಿಸಿನೀರು ಹೊತ್ಕೊಂಡು ಅಂಗಳ ದಾಟಬೇಕಲ್ಲ. ಹೆರಿಗೆ ಕೋಣೆಗೆ ಅಂಟಿಸಿಬಿಟ್ರೆ ಒಂದು ಗೋಡೆ ಉಳಿಯುತ್ತೆ." ಟೇಪು ತೆಗೆದು ನಕ್ಷೆಯ ಮೇಲೆ ಅಳೆದು, ಬಚ್ಚಲನ್ನು ಕಟ್ಟಡದ ಪೂರ್ವದ ಬದಿಗೆ ತಂದು ಸೇರಿಸಿದರು. ಸೌದೆ, ನೀರು ತರುವುದಕ್ಕೆ ಅಲ್ಲೊಂದು ಹೊರಬಾಗಿಲು ಬರೆದರು.

ಎದ್ದು ಹೋಗುವಾಗ ನನ್ನ ಮುಂದೆ ನಿಂತರು. "ಅಮ್ಮ, ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಕೆಲಸದ ಹತ್ತಿರ ಬರೋಕಾಗುತ್ತ? ಬರೋ ಸಾಮಾನು ಒಳ್ಳೇದೋ ಕೆಟ್ಟದ್ದೋ ನೋಡೋರು ಬೇಕು. ಹೇಗೆ ನೋಡೋದು ಅಂತ ನಾನು ತೋರಿಸ್ತೀನಿ."

ಹೀಗೆ ಸಹಿಯ ಹೆಣ್ಣು ಕೆಲಸದ ಹೆಣ್ಣಾದೆ. ಶಂಕುಸ್ಥಾಪನೆಗೆ ನಮ್ಮ ಮನೆಯ ತೆಂಗಿನಕಾಯಿ, ಅರಿಸಿನ ಕುಂಕುಮ. ಮೊದಲ ಕಲ್ಲಿಗೆ ಎದುರು ಮನೆಯವಳ ಕೈಯಿಂದಲೇ ಹೂವು ಏರಿಸಿದೆ.

ಆಮೇಲಿನ ತಿಂಗಳುಗಳಲ್ಲಿ ನನ್ನ ಕೈಗೆ ಸುಣ್ಣದ ವಾಸನೆ ಅಂಟಿಕೊಂಡಿತು. ಪೂಜೆ, ಅಡಿಗೆ ಮುಗಿಸಿ, ಯಜಮಾನರು ಕಚೇರಿಗೆ ಹೊರಟ ಬೆನ್ನಿಗೇ ನಾನೂ ಸೆರಗು ಸಿಕ್ಕಿಸಿ ಹೊರಡುತ್ತಿದ್ದೆ. ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ತಟ್ಟಬೇಕು. ಕಂಚಿನ ಹಾಗೆ ಖಣಿ ಖಣಿ ಎಂದರೆ ಬೆಂದದ್ದು, ಮೆತ್ತಗೆ ಧಬ್ ಎಂದರೆ ಹಸಿ. ಸುಣ್ಣಕ್ಕೆ ನೀರು ಹಾಕಿದರೆ ಅದು ಕುದ್ದು ಅರಳಿ ಬೆಣ್ಣೆಯಾಗಬೇಕು. ಹರಳು ಹರಳಾಗಿ ಉಳಿದರೆ ಹೆಚ್ಚು ಸುಟ್ಟದ್ದು, ವಾಪಸ್ಸು ಕಳಿಸಬೇಕು. ಗಾರೆ ಅರೆಯುವ ಗಾಣ ನಿವೇಶನದಲ್ಲೇ ಇತ್ತು. ಎತ್ತು ಸುತ್ತುತ್ತಿತ್ತು, ಕಲ್ಲಿನ ಗಾಲಿ ಉರುಳುತ್ತಿತ್ತು. ಮರಳು, ಸುಣ್ಣ, ಇಟ್ಟಿಗೆ ಪುಡಿ ಸೇರಿ ದೋಸೆಹಿಟ್ಟಿನ ಹದಕ್ಕೆ ಬರುವ ತನಕ ಎತ್ತನ್ನು ಬಿಡಿಸಬಾರದು. ಇದನ್ನೆಲ್ಲ ಆಫೀಸರು ಬಗ್ಗಿ ಕೂತು ತಾಳ್ಮೆಯಿಂದ ಕಲಿಸಿದರು. ಒಮ್ಮೆ ಒಂದು ಗಾಡಿ ಇಟ್ಟಿಗೆ ಧಬ್ ಎಂದಾಗ ನಾನು ಹಿಂದಕ್ಕೆ ಕಳಿಸಿದೆ. ಮೇಸ್ತ್ರಿ ಗೊಣಗಿದ:

"ಸರ್ಕಾರದ ಕಟ್ಟಡ ಕಣಮ್ಮ. ನಿಮ್ಮ ಮನೆ ಗಂಟೇನು ಹೋಗುತ್ತೆ?"

ಅಲ್ಲೇ ಇದ್ದ ಆಫೀಸರು ತಿರುಗಿದರು. "ಹೋಗುತ್ತೆ ಮೇಸ್ತ್ರಿ. ನೀನು ಬೀಡಿ ಹಚ್ಚಿದೆಯಲ್ಲ ಈಗ, ಆ ಬೆಂಕಿಪೊಟ್ಟಣದ ಮೇಲೆ ಸುಂಕ ಕೊಟ್ಟಿದೀಯ. ಈ ಗೋಡೇಲಿ ನಿಂದೂ ಒಂದು ಇಟ್ಟಿಗೆ ಇದೆ. ಅದು ಹಸಿ ಆದ್ರೆ ಆಗುತ್ತಾ?"

ಮೇಸ್ತ್ರಿ ಬೀಡಿಯ ಕಡೆ ನೋಡಿದ, ಗೋಡೆಯ ಕಡೆ ನೋಡಿದ. ಆಮೇಲೆ ಅವನೇ ಇಟ್ಟಿಗೆ ತಟ್ಟುವುದಕ್ಕೆ ಶುರುಮಾಡಿದ.

ಆ ಪ್ರಶ್ನೆ ನಮ್ಮ ಬೀದಿಗೆಲ್ಲ ಹಬ್ಬಿತು. ಹಬ್ಬಕ್ಕೆ ಹೊಸ ರವಿಕೆ ಬೇಕು ಎಂದರೆ ಗಂಡಸರು, "ಇದಿಲ್ಲದೆ ಹೆರಿಗೆ ಆಗೋದಿಲ್ವೆ?" ಎನ್ನುವುದು. ನಮ್ಮ ಯಜಮಾನರು ಎರಡನೆಯ ಲೋಟ ಕಾಫಿ ಕೇಳಿದಾಗ ನಾನೂ ಅದನ್ನೇ ಕೇಳಿದೆ. "ನನಗೆ ಹೆರಿಗೆ ಬೇಡ ಮಾರಾಯ್ತಿ, ಕಾಫಿ ಕೊಡು," ಎಂದರು.

ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ. ಅದು ಬರುವ ತನಕ ನೆಲದ ಕೆಲಸ ನಿಂತಿತು. ಚಾವಣಿಗೆ ಕಲ್ಲು ಚಪ್ಪಡಿ ಸಾಕೆಂದು ಆಫೀಸರು ಮೊದಲೇ ತೀರ್ಮಾನಿಸಿದ್ದರಿಂದ ಗೋಡೆಗಳ ಮೇಲೆ ಮುಚ್ಚಿಗೆಯಾಯಿತು, ಮಳೆಗೆ ಗಾರೆ ತೊಳೆದುಹೋಗಲಿಲ್ಲ. ಅದೂ ಒಂದು ದಯೆ. ಆ ಹೊತ್ತಿಗೆ ಎದುರು ಮನೆಯವಳು ಮತ್ತೆ ಬಸುರಿ. ದಾವಣಗೆರೆ ಕಡೆಯವಳು, ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ತವರಿಗೆ ಹೋಗು ಎಂದರೆ, ಅತ್ತ ತಾಯಿಯೂ ಇಲ್ಲ. ಹೆರಿಗೆ ಯುಗಾದಿಯ ಆಚೆಗೆ ಎಂದು ಲೆಕ್ಕ. ಅಷ್ಟರಲ್ಲಿ ಬಾಗಿಲು ತೆರೆದು ಒಳಗೊಬ್ಬಳು ನರ್ಸಮ್ಮ ಇರಬೇಕು, ಇಲ್ಲದಿದ್ದರೆ ಮತ್ತೆ ಅದೇ ಜಟಕಾ, ಅದೇ ಗೇಟು. ನಾನು ಇಟ್ಟಿಗೆ ತಟ್ಟುತ್ತಿದ್ದುದು ಅದಕ್ಕೆ.

ಸಂಕ್ರಾಂತಿಯ ಎಳ್ಳು ಬೀರಲು ಬಂದ ಹೆಂಗಸರನ್ನೆಲ್ಲ ಕಟ್ಟಡ ತೋರಿಸಲು ಕರೆದುಕೊಂಡು ಹೋದೆ. ನನಗೂ ಒಂದಿಷ್ಟು ಹೆಮ್ಮೆ. ಗೋಡೆಗೆ ಸುಣ್ಣ ಬಳಿದಿತ್ತು, ಬಾಗಿಲುವಾಡ ನಿಲ್ಲಿಸಿದ್ದರು. ಹೆಂಗಸರು ಬಂದವರು ರಸ್ತೆಯಲ್ಲೇ ನಿಂತರು. ಒಳಗೆ ಒಬ್ಬರೂ ಕಾಲಿಡಲಿಲ್ಲ.

"ಏನಾಯ್ತು?"

ಹಿರಿಯಾಕೆ ಒಬ್ಬರು ಸೆರಗು ಬಾಯಿಗಿಟ್ಟುಕೊಂಡು ಹೇಳಿದರು. "ತೆಂಕಣಕ್ಕಿಟ್ಟಿದಾರಲ್ಲೇ ಬಾಗಿಲು. ಯಮನ ದಿಕ್ಕಿಗೆ! ಹೆರೋ ಹೆಂಗಸು ಈ ಬಾಗಿಲಲ್ಲಿ ಹೋಗೋದಾ?"

ರಸ್ತೆ ಇರುವುದೇ ನಿವೇಶನದ ದಕ್ಷಿಣಕ್ಕೆ. ನಕ್ಷೆ ಬರೆದವರು ರಸ್ತೆಗೆ ಬಾಗಿಲಿಟ್ಟಿದ್ದರು. ಎಲ್ಲ ಊರಿಗೂ ಒಂದೇ ನಕ್ಷೆಯಂತೆ, ದಿಕ್ಕು ದೆಸೆ ಅದರಲ್ಲಿ ಎಲ್ಲಿಂದ ಬರಬೇಕು? ಎದುರು ಮನೆಯವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು.

"ಅಕ್ಕಾರೆ, ಸಿಟ್ಟಾಗಬ್ಯಾಡ್ರಿ. ಆ ಬಾಗಿಲಾಗೆ ನಾ ಬರಂಗಿಲ್ಲ. ಒಂದು ಕಳಕೊಂಡೀನಿ. ಗೇಟ್ ದಾಟೇ ಹೋಗ್ತೀನಿ, ಹೆಂಗಾರ ಆಗ್ಲಿ."

ನನ್ನ ಮಗಳೇ ಆಗಿದ್ದರೂ ನಾನು ಆ ಬಾಗಿಲಲ್ಲಿ ಕಳಿಸುತ್ತಿರಲಿಲ್ಲ.

ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಮಾರ್ಚಿ ತಿಂಗಳು ಹತ್ತಿರವಾಗುತ್ತಿತ್ತು. ಸಭೆ ಕರೆದರು. ಪಡಸಾಲೆಯಲ್ಲಿ ಅವರ ದನಿಗೆ ಹೊಸ ಹುರುಪು ಬಂದಿತ್ತು.

"ನಾನು ಅಂದೇ ಹೇಳಿದೆ. ಈಗ ನೋಡಿ. ಪೂರ್ವಕ್ಕೆ ಹೊಸ ಮುಖ ಮಾಡೋಣ. ಅಲ್ಲಿಗೆ ಪೋರ್ಟಿಕೊ, ರಸ್ತೆಯಿಂದ ಸುತ್ತಿಕೊಂಡು ಬರೋಕೆ ದಾರಿ, ಚರಂಡಿಗೆ ಒಂದು ಮೋರಿ. ಹೇಗೂ ಕಟ್ಟೋವಾಗ ಇನ್ನು ನಾಲ್ಕು ಮಂಚದ ಕೋಣೆ ಸೇರಿಸಿದ್ರೆ ಹತ್ತು ಮಂಚದ ಆಸ್ಪತ್ರೆ ಆಗುತ್ತೆ. ದುಡ್ಡು ಉಳಿದಿದೆ, ಎಲ್ಲಾ ಆಫೀಸರು ಉಳಿಸಿರೋದೇ. ಮಾರ್ಚಿ ಮುಗಿದ್ರೆ ಅದು ಸರ್ಕಾರಕ್ಕೆ ವಾಪಸ್ ಹೋಗುತ್ತೆ. ಬಂದಿದ್ದನ್ನ ಯಾರಾದ್ರೂ ವಾಪಸ್ ಕಳಿಸ್ತಾರಾ? ಇವರಿಗೆ ಬೇಡ ಅಂತ ಮುಂದಿನ ವರ್ಷ ಬಿಡಿಗಾಸೂ ಕೊಡಲ್ಲ!"

"ಸರಿಯಾಗಿ ಹೇಳಿದ್ರಿ," ಎಂದ ಮರದ ವ್ಯಾಪಾರಿ.

ನನಗೂ ಅದು ಸರಿ ಎನ್ನಿಸಿತು. ಪೂರ್ವದ ಬಾಗಿಲು ಸಿಕ್ಕಿದರೆ ನನಗೆ ಇನ್ನೇನು ಬೇಕಿತ್ತು?

ಆಫೀಸರು ಲವಂಗ ಬಾಯಿಗೆ ಹಾಕಿಕೊಂಡರು. "ಹತ್ತು ಮಂಚ ಕಟ್ಟಬಹುದು. ಕಟ್ಟೋದು ಒಂದು ಸಲದ ಖರ್ಚು. ಆಮೇಲೆ ತಿಂಗಳು ತಿಂಗಳು ಎಷ್ಟು ಜನಕ್ಕೆ ಸಂಬಳ? ಎಷ್ಟು ಸೌದೆ, ಎಷ್ಟು ಔಷಧಿ? ಹತ್ತು ಮಂಚಕ್ಕೆ ಒಬ್ಬ ಡಾಕ್ಟರು, ಇಬ್ಬರು ನರ್ಸು ಬೇಕು ಅಂತ ನಿಯಮ. ಅದನ್ನ ಈ ವರ್ಷ ಯಾರೂ ಮಂಜೂರು ಮಾಡಲ್ಲ. ಕಟ್ಟಡ ಮಾತ್ರ ಎದ್ದು ಬೀಗ ಹಾಕಿರೋ ಊರುಗಳನ್ನ ನಾನು ನೋಡಿದೀನಿ. ಒಳಗೆ ಮೇಕೆ ಕಟ್ತಾರೆ. ಆರು ಮಂಚಕ್ಕಾದ್ರೆ ಒಬ್ಬಳು ನರ್ಸಮ್ಮ, ಒಬ್ಬಳು ಆಯಾ ಸಾಕು. ಅಷ್ಟನ್ನ ಕೇಳೋಕೆ ನನಗೆ ಬಾಯಿದೆ."

"ಹಾಗಿದ್ರೆ ಉಳಿದ ದುಡ್ಡಲ್ಲೇ ನರ್ಸಮ್ಮನ ಸಂಬಳ ಕೊಡಿ ಸ್ವಾಮಿ," ಎಂದೆ.

"ಆಗಲ್ಲಮ್ಮ. ಇದು ಕಟ್ಟಡದ ಬಾಬ್ತು, ಅದು ಸಂಬಳದ ಬಾಬ್ತು. ಇದರಲ್ಲಿ ತೆಗೆದು ಅದಕ್ಕೆ ಹಾಕೋ ಅಧಿಕಾರ ನನಗಿಲ್ಲ. ಇದನ್ನ ಒಪ್ಪಿಸಿ, ಅದನ್ನ ಕೇಳಬೇಕು."

"ಕೇಳಿದ್ರೆ ಕೊಡ್ತಾರಾ?"

"ಗೊತ್ತಿಲ್ಲ. ಕೊಟ್ಟೇ ಕೊಡ್ತಾರೆ ಅಂತ ನಿಮಗೆ ಸುಳ್ಳು ಹೇಳಲ್ಲ."

ಆಫೀಸರು ನನ್ನ ಕಡೆ ತಿರುಗಿದರು. ನಾನು ಹೆದರಿದ್ದೆ, ಮೂಢನಂಬಿಕೆ ಎಂದು ಎಲ್ಲರೆದುರು ಗೇಲಿ ಮಾಡುತ್ತಾರೆಂದು. ಅವರು ಕೇಳಿದ್ದು ಇಷ್ಟೆ: "ಬಾಗಿಲಿನ ವಿಷಯ ಹೇಳಿ. ನಿಜವಾಗ್ಲೂ ಹೆಂಗಸರು ಬರಲ್ವೆ?"

"ಬರಲ್ಲ ಸ್ವಾಮಿ. ನಾನೂ ಬರಲ್ಲ."

"ಹಾಗಾದ್ರೆ ಅದು ಬಿಸಿನೀರಿನ ಲೆಕ್ಕವೇ. ಇಲ್ಲದೆ ಆಗದು," ಎಂದು ನಕ್ಷೆಯನ್ನು ನನ್ನ ಚಾಪೆಯ ಮೇಲೆ ಹಾಸಿದರು. "ಪೋರ್ಟಿಕೊ ಬಿಟ್ಟು ಬೇರೆ ಏನಾದ್ರೂ ದಾರಿ ಇದೆಯಾ ನೋಡಿ."

ಬೆರಳಿಟ್ಟು ನೋಡಿದೆ. ದಕ್ಷಿಣಕ್ಕೆ ರಸ್ತೆ, ಬಾಗಿಲು. ಒಳಗೆ ಮಂಚದ ಕೋಣೆ, ಅದರ ಪಕ್ಕಕ್ಕೆ ಹೆರಿಗೆ ಕೋಣೆ, ಅದಕ್ಕೆ ಅಂಟಿಕೊಂಡು ಪೂರ್ವದಲ್ಲಿ ಬಚ್ಚಲು. ಬಚ್ಚಲಿಗೆ ಸೌದೆ ತರುವ ಬಾಗಿಲು. ನಮ್ಮ ಅಜ್ಜಿಯ ಮನೆ ನೆನಪಿಗೆ ಬಂತು. ಅಲ್ಲಿ ಬಾಣಂತಿಯ ಕೋಣೆ ಹಂಡೆ ಒಲೆಯ ಮಗ್ಗುಲಿಗೇ ಇತ್ತು. ನೋವು ತಿನ್ನುವ ಹೆಂಗಸನ್ನು ಯಾರೂ ಬೀದಿ ಬಾಗಿಲಿನಿಂದ, ಗಂಡಸರ ಮುಂದೆ ಕರೆತರುತ್ತಿರಲಿಲ್ಲ. ಬಚ್ಚಲ ಕಡೆಯಿಂದಲೇ ಬರುವುದು, ಬಿಸಿ ನೀರಲ್ಲಿ ಕಾಲು ತೊಳೆದು ಒಳಗೆ ಹೋಗುವುದು.

"ಸ್ವಾಮಿ, ಈ ಬಾಗಿಲಲ್ಲೇ ಬರ್ತೀವಿ," ಎಂದೆ.

"ಬಚ್ಚಲ ಬಾಗಿಲಿಂದ್ಲಾ?" ಎಂದರು ಅಧ್ಯಕ್ಷರು, ಮೈಮೇಲೆ ಏನೋ ಬಿದ್ದವರಂತೆ. "ಸರ್ಕಾರಿ ಆಸ್ಪತ್ರೆಗೆ ಹಿತ್ತಲಿಂದ ಹೋಗೋದ? ಜನ ಏನಂತಾರೆ?"

"ಹೆಂಗಸರು ಏನೂ ಅನ್ನಲ್ಲ. ಪೂರ್ವದ ಬಾಗಿಲು, ಎದುರಿಗೇ ಒಲೆ, ಅಗ್ನಿ ಇರುತ್ತೆ. ಇದಕ್ಕಿಂತ ಒಳ್ಳೆ ಬಾಗಿಲು ಯಾರ ಮನೇಲಿದೆ? ತೆಂಕಣದ ಬಾಗಿಲುವಾಡ ಕಿತ್ತು ಇಲ್ಲಿಗೆ ಹಾಕಿ ಬಾಗಿಲು ಅಗಲ ಮಾಡಿ. ಅಲ್ಲಿ ಎದೆಮಟ್ಟಕ್ಕೆ ಇಟ್ಟಿಗೆ ಕಟ್ಟಿ ಕಿಟಕಿ ಮಾಡಿದ್ರೆ ಮಂಚದ ಕೋಣೆಗೆ ಗಾಳಿ ಆಗುತ್ತೆ."

ಆಫೀಸರು ಲವಂಗ ಅಗಿಯುವುದನ್ನೇ ಮರೆತರು. ಟೇಪು ಇಟ್ಟು ಅಳೆದರು. "ಮೇಸ್ತ್ರಿಗೆ ಒಂದೆರಡು ದಿನದ ಕೆಲಸ. ಇಟ್ಟಿಗೆ ಅಲ್ಲೇ ಬಿದ್ದಿದೆ." ಆಮೇಲೆ ಮೆಲ್ಲಗೆ ಅಂದರು, "ಒಂದು ಗೋಡೆ ಉಳಿಸೋಕೆ ಅಂತ ಬಚ್ಚಲು ಅಲ್ಲಿಗೆ ತಂದೆ. ಬಾಗಿಲೂ ಉಳೀತು."

ನಮ್ಮ ಮನೆದೇವರು ತಿಮ್ಮಪ್ಪನೇ ಅವತ್ತು ಆ ಟೇಪನ್ನು ಪೂರ್ವಕ್ಕೆ ಎಳೆದನೆಂದು ನಾನು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಇನ್ನು ಉಳಿದದ್ದು ಹಣ. ಇಟ್ಟುಕೊಂಡು ನಾಲ್ಕು ಮಂಚ ಕಟ್ಟುವುದೋ, ಒಪ್ಪಿಸಿ ನರ್ಸಮ್ಮನನ್ನು ಕೇಳುವುದೋ. ಮತಕ್ಕೆ ಹಾಕಿದರು. ಎರಡೂ ಕಡೆ ಸಮ ಬಿದ್ದರೆ ಮಾತ್ರ ಅಧ್ಯಕ್ಷರಿಗೆ ಮತ. ವ್ಯಾಪಾರಿ ಕಟ್ಟುವ ಕಡೆ, ಮೇಷ್ಟ್ರು ಒಪ್ಪಿಸುವ ಕಡೆ. ಉಳಿದವಳು ನಾನು.

ಕೈಯಲ್ಲಿರುವುದನ್ನು ಬಿಟ್ಟುಕೊಟ್ಟು, ಸಿಗುವುದೋ ಇಲ್ಲವೋ ಎಂಬುದಕ್ಕೆ ಕೈ ಚಾಚಬೇಕು. ಸಿಗದಿದ್ದರೆ ಎದುರು ಮನೆಯವಳ ಮುಖ ನೋಡುವುದು ಹೇಗೆ? ಆದರೆ ನಾಲ್ಕು ಮಂಚ ಹೆಚ್ಚಾದರೆ ಅವಳಿಗೇನು? ಅವಳು ಮಲಗುವುದು ಒಂದೇ ಮಂಚದ ಮೇಲೆ. ಆ ಮಂಚದ ಪಕ್ಕ ಒಬ್ಬಳು ಬೇಕು. ಈ ಮನುಷ್ಯ ಈವರೆಗೆ ಒಂದೇ ಒಂದು ಸುಳ್ಳು ಭರವಸೆ ಕೊಟ್ಟಿರಲಿಲ್ಲ. 'ಗೊತ್ತಿಲ್ಲ' ಎಂದು ಹೇಳುವವರು ಕೇಳಿದರೆ ಯಾರಾದರೂ ನಂಬಿಯಾರು ಎನ್ನಿಸಿತು.

"ಒಪ್ಪಿಸಿ ಸ್ವಾಮಿ," ಎಂದೆ.

ಅಧ್ಯಕ್ಷರು ಎದ್ದು ಒಳಗೆ ಹೋದರು. ಕಾಫಿ ಬರಲಿಲ್ಲ.

ಬಾಗಿಲು ಪೂರ್ವಕ್ಕೆ ಬಂತು, ಪರ್ಮಿಟ್ಟು ಬಂದು ನೆಲಕ್ಕೆ ಸಿಮೆಂಟೂ ಆಯಿತು. ಮಾರ್ಚಿ ಕಳೆಯಿತು, ಹಣ ವಾಪಸ್ಸು ಹೋಯಿತು. ಯುಗಾದಿಯೂ ಬಂದು ಹೋಯಿತು. ಹೆರಿಗೆ ಮನೆಯ ಬಾಗಿಲಿಗೆ ಬೀಗ. ದಿನಾ ಬೆಳಿಗ್ಗೆ ಹೋಗಿ ಹೊಸಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಿದ್ದೆ. ಬಂದು ಬೀಗ ತೆಗೆಯುವವರಿಲ್ಲ. ನಲ್ಲಿಯ ಹತ್ತಿರ ಹೆಂಗಸರು ನನಗೆ ಕೇಳಿಸುವ ಹಾಗೇ ಮಾತಾಡುತ್ತಿದ್ದರು.

"ಬಂದ್ಲು ನೋಡ್ರೇ, ಸರ್ಕಾರಕ್ಕೇ ದಾನ ಕೊಟ್ಟ ಮಹಾತಾಯಿ!"

"ನಮ್ಮ ಮನೆ ಬಾಡಿಗೇನೂ ವಾಪಸ್ ಕೊಡಿಸಿ ತಾಯಿ, ಪುಣ್ಯ ಬರುತ್ತೆ!"

ಬಿಂದಿಗೆ ಎತ್ತಿಕೊಂಡು ಬರುತ್ತಿದ್ದೆ. ಎದುರು ಮನೆಯವಳು ಮಾತ್ರ ಒಂದು ಮಾತೂ ಆಡಲಿಲ್ಲ. ಅವಳ ಗಂಡ ಒಂದು ಸಂಜೆ ಜಟಕಾದವನ ಜೊತೆ ಮಾತಾಡಿ ಗೊತ್ತು ಮಾಡುತ್ತಿದ್ದುದು ಕಿಟಕಿಯಿಂದ ಕಾಣಿಸಿತು. ಅವತ್ತು ದೇವರ ಮುಂದೆ ಕೂತರೂ ಏನು ಕೇಳಬೇಕೆಂದು ತಿಳಿಯದೆ ದೀಪದ ಬತ್ತಿ ಸರಿಮಾಡಿ ಎದ್ದುಬಂದೆ.

ಆ ವಾರದಲ್ಲೇ, ಬಿಸಿಲೇರುವ ಹೊತ್ತು. ಆಫೀಸರು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಒಬ್ಬ ನಡುವಯಸ್ಸಿನ ಹೆಂಗಸು, ಬಿಳಿ ಸೀರೆ, ಕೈಯಲ್ಲಿ ಟ್ರಂಕು.

"ಅಮ್ಮ, ನರ್ಸಮ್ಮ. ಸದ್ಯಕ್ಕೆ ಒಂದು ವರ್ಷಕ್ಕೆ ಮಂಜೂರಾಗಿದೆ. ಆಯಾ ಕೆಲಸಕ್ಕೂ ಆಯ್ತು."

ನಾನು ಅವಳ ಕೈಯಿಂದ ಟ್ರಂಕು ಇಳಿಸಿಕೊಂಡೆ. ಆಮೇಲೆ ಕೇಳಿದೆ, "ಹೇಗೆ ಕೊಟ್ರು ಸ್ವಾಮಿ?"

ಮೊದಲ ಸಲ ಅವರು ನಕ್ಕದ್ದು ಕಂಡೆ. "ಹಣಕಾಸಿನೋರ ಮೇಜಿಗೆ ದಿನಾ ಬರೋದು 'ಇನ್ನಷ್ಟು ಕೊಡಿ' ಅನ್ನೋ ಫೈಲು. 'ಇಷ್ಟು ಉಳಿದಿದೆ, ತಗೊಳ್ಳಿ' ಅನ್ನೋದು ಬಂದಿದ್ದಕ್ಕೆ ಏನೋ ತಪ್ಪಾಗಿದೆ ಅಂತ ಪೂರ್ತಿ ಓದಿದ್ರಂತೆ. ಓದಿದ್ಮೇಲೆ ಕೊನೇಲಿ ನಾವು ಕೇಳಿದ್ದೂ ಕಣ್ಣಿಗೆ ಬಿತ್ತು."

ಉದ್ಘಾಟನೆ ಎಂಬುದು ನಡೆಯಲಿಲ್ಲ. ಬೀಗ ತೆಗೆದೆವು. ಹಂಡೆಗೆ ಅರಿಸಿನ ಕುಂಕುಮ ಹಚ್ಚಿ ಒಲೆಗೆ ಬೆಂಕಿ ಹಾಕಿದೆ. ಆಫೀಸರು ಚಪ್ಪಲಿ ಬಿಟ್ಟು ಹೊಸಿಲಿನ ಈಚೆಯೇ ನಿಂತು, ಬೆಂಕಿ ಹತ್ತಿಕೊಳ್ಳುವ ತನಕ ನೋಡಿದರು. ಒಂದು ಲವಂಗ ನನಗೂ ಕೊಟ್ಟರು. ಮುಂದಿನ ತಿಂಗಳು ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಮನೆಗೆ ಬಂದು ಹೇಳಿ ಹೋಗುವ ಪೈಕಿಯವರಲ್ಲ. ಅವರ ಹಾಗೆ ಖರ್ಚು ಮಾಡಲು ಬಲ್ಲವರನ್ನು ಆಮೇಲೂ ನಾನು ಕಂಡಿಲ್ಲ. ಕೈ ಬಿಗಿ ಎಂದು ಊರು ಅವರನ್ನು ಅಂದಿತು. ನಾನು ಕಂಡಂತೆ ಆ ಕೈ ಬೇಕಾದ ಕಡೆ ಒಂದು ಸಲವೂ ಹಿಂದೆಗೆಯಲಿಲ್ಲ.

ಬೀಗ ತೆಗೆದ ಮೂರನೆಯದೋ ನಾಲ್ಕನೆಯದೋ ದಿನ. ಬೆಳಿಗ್ಗೆ ಹೂವು ಬಿಡಿಸುತ್ತಿದ್ದೆ. ಎದುರು ಮನೆಯ ಜಗಲಿಯಿಂದ ಅವಳು ಕೈ ಬೀಸಿದಳು. ಓಡಿದೆ. ಗಂಡ ಜಟಕಾ ತರುತ್ತೇನೆಂದು ಹೊರಟ.

"ಜಟಕಾ ಯಾತಕ್ಕಪ್ಪಾ? ನಡ್ಕೊಂಡೇ ಹೋಗ್ತೀವಿ."

ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಸೊಂಟದ ಮೇಲೆ, ನಿಂತು ನಿಂತು ನಡೆದಳು. ರಸ್ತೆಯ ಕಡೆಯ ಕಿಟಕಿ ದಾಟಿ ಗೋಡೆಯ ಬದಿಗೆ ತಿರುಗಿದೆವು. ಸೂರ್ಯ ಬಾಗಿಲಿಗೆ ನೇರ ಬಿದ್ದಿದ್ದ. ಆಯಾ ಹಂಡೆಯಿಂದ ಬಿಸಿನೀರು ತೋಡಿ ಅವಳ ಕಾಲ ಮೇಲೆ ಹೊಯ್ದಳು. "ಹಾ, ಹಿತ ಆತ್ರಿ," ಎಂದು ಅವಳು ಹೊಸಿಲು ದಾಟಿದಳು.

ಹೊತ್ತು ಬಹಳವಾಯಿತು. ನಾನು ಒಲೆಗೆ ಸೌದೆ ಒಟ್ಟುತ್ತ ಬಚ್ಚಲಲ್ಲೇ ಕೂತಿದ್ದೆ. ಹೊರಗೆ ಅವಳ ಗಂಡ ಗಾಣದ ಕಲ್ಲಿನ ಮೇಲೆ ಕೂತಿದ್ದ. ಅವನ ಪಕ್ಕ ಯಾರೋ ಬಂದು ನಿಂತ ನೆರಳು, ನೋಡಿದರೆ ಅಧ್ಯಕ್ಷರು. ಒಬ್ಬ ಆಳಿನ ತಲೆಯ ಮೇಲೆ ಹಳೆಯ ಹಲಸಿನ ಮರದ ತೊಟ್ಟಿಲು.

"ನಮ್ಮ ತಂದೇನ ತೂಗಿದ ತೊಟ್ಟಿಲು," ಎಂದರು ನನ್ನ ಮುಖ ನೋಡದೆ. "ಅವರ ಹೆಸರಿನ ಕಲ್ಲಿಗಂತೂ ಜಾಗ ಇಡಲಿಲ್ಲ ನೀವು. ಇದಕ್ಕಾದ್ರೂ ಇದೆಯೋ, ಇದಿಲ್ಲದೆಯೂ ಹೆರಿಗೆ ಆಗುತ್ತೆ ಅಂತೀರೋ?"

"ಹೆರಿಗೆ ಆಗುತ್ತೆ ಸ್ವಾಮಿ. ಮಗು ಮಲಗೋದಿಲ್ಲ. ಒಳಗೆ ಇಡಿಸಿ," ಎಂದೆ.

ತೊಟ್ಟಿಲು ಹೊಸಿಲು ದಾಟುತ್ತಿರುವಾಗಲೇ ಒಳಗೆ ಮಗು ಅತ್ತಿತು. ಒಂದೇ ಸಮನೆ, ಕಟ್ಟಡವೆಲ್ಲ ಕೇಳುವ ಹಾಗೆ. ಹೊರಗೆ ಅವಳ ಗಂಡ ಕಲ್ಲಿನಿಂದ ಎದ್ದು ನಿಂತ. ನನ್ನ ಕೈ ತಾನೇ ಮುಗಿಯಿತು.

ನರ್ಸಮ್ಮ ಕರೆದ ಮೇಲೆ ಒಳಗೆ ಹೋದೆ. ಹೆಣ್ಣು ಮಗು. ಕೆಂಪಗೆ, ಮುಷ್ಟಿ ಬಿಗಿದುಕೊಂಡು. ತಾಯಿಯ ಹಣೆಯ ಬೆವರು ಒರೆಸಿದೆ. ಅಷ್ಟರಲ್ಲಿ ದೂರದಲ್ಲಿ ಗೇಟಿನ ಕಡೆಯಿಂದ ಗೂಡ್ಸು ಗಾಡಿಯ ಸಿಳ್ಳು ಕೇಳಿಸಿತು. ನನ್ನ ಕೈ ಅವಳ ಹಣೆಯ ಮೇಲೆಯೇ ನಿಂತಿತು. ಅವಳೂ ಕೇಳಿಸಿಕೊಂಡಳು. ಕಣ್ಣು ಬಿಡದೆಯೇ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳ ತುಟಿಯಲ್ಲಿ ನಗು ಕಂಡೆ.

"ಹಾಕ್ಲಿ ಬಿಡ್ರಿ ಅಕ್ಕಾರೆ ಗೇಟು," ಎಂದಳು. "ನಮಗೇನೀಗ."